ಸ್ವಿಟ್ಜರ್ಲೆಂಡ್‌ನ ಟೋರ್ಬೆಲ್ ಅನ್ನೋ ಹಳ್ಳೀಲಿ ಗೋಮಾಳ, ಕಾಲುವೆ ಎಲ್ಲಾ ಊರೋರೇ ನಡೆಸ್ತಾರಂತೆ, ನಿಜವಾ? ಅಲ್ಲಿ ಬದುಕು ಹೆಂಗಿದೆ?

ಕೊನೆಗದ್ದೆ_ಮದ್ದೂರು

ಎಲ್ರಿಗೂ ನಮಸ್ಕಾರ. ಮೊನ್ನೆ ನಮ್ಮ ನೀರು ಬಳಕೆದಾರರ ಸಂಘದೋರಿಗೆ ಅಂತ ಒಂದು ತರಬೇತಿ ಇಟ್ಟಿದ್ರು, ಊಟ ಆಗಿ ಎಲ್ರೂ ಅರ್ಧ ನಿದ್ದೇಲಿದ್ದಾಗ ಪಾಠ ಮಾಡೋಕೆ ಬಂದಿದ್ದೋರು ಸ್ವಿಟ್ಜರ್ಲೆಂಡ್‌ನಲ್ಲಿ ಟೋರ್ಬೆಲ್ ಅಂತ ಒಂದು ಊರಿದೆ, ಅಲ್ಲಿ ಐನೂರು ವರ್ಷದಿಂದ ಗೋಮಾಳ ಕಾಡು ನೀರಿನ ಕಾಲುವೆ ಎಲ್ಲಾ ಊರೋರೇ ನೋಡ್ಕೊತಾವ್ರೆ, ಗಲಾಟೆ ಇಲ್ಲ, ಇದರ ಬಗ್ಗೆ ಬರೆದ ಅಮೆರಿಕದ ಒಬ್ಬ ಮೇಡಂಗೆ ನೊಬೆಲ್ ಬಂತು ಅಂದ್ರು. ಎದ್ದು ಕೂತ್ಕೊಂಡೆ. ಪ್ರಶ್ನೆ ಕೇಳೋಣ ಅನ್ನೋಷ್ಟ್ರಲ್ಲಿ ಟೀ ಬಂತು, ಆಮೇಲೆ ಸರ್ಟಿಫಿಕೇಟ್ ಕೊಟ್ಟು ಕಳಿಸಿಬಿಟ್ರು.

ನಮ್ದು ಹಂಚಿಕೆ ನಾಲೇಲಿ ಕೊನೇ ತೂಬು. ಮೇಲ್ಗಡೆಯೋರು ಕಬ್ಬಿಗೂ ಬಿಟ್ಕೊತಾರೆ ಭತ್ತಕ್ಕೂ ಬಿಟ್ಕೊತಾರೆ, ಕಟ್ಟು ಪದ್ಧತೀಲಿ, ಅಂದ್ರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ನಮ್ಮತ್ರ ಬರೋ ಹೊತ್ತಿಗೆ ನಾಲೆ ತಳ ಒದ್ದೆ ಆಗಿರುತ್ತೆ ಅಷ್ಟೇ. ಗೋಮಾಳ ಇತ್ತು, ನಮ್ಮಪ್ಪ ಅಲ್ಲೇ ದನ ಮೇಯಿಸಿದ್ದು, ಈಗ ಅದರಲ್ಲಿ ಯಾರ್ಯಾರೋ ಬೇಲಿ ಹಾಕ್ಕೊಂಡವ್ರೆ. ಹಂಗಾಗಿ ಕೇಳ್ತಿದೀನಿ, ಆ ಊರು ಎಲ್ಲಿದೆ, ಮಳೆ ಎಷ್ಟು, ಏನು ಬೆಳೀತಾರೆ, ನೀರು ಕದ್ರೆ ಯಾರು ದಂಡ ಹಾಕ್ತಾರೆ, ಈಗ್ಲೂ ನಡೀತಾ ಇದ್ಯಾ ಇಲ್ಲ ಬರೀ ಕಥೇನಾ? ಗೂಗಲ್ ಮಾಡಿದ್ರೆ ಬರೀ ಹಿಮದ ಫೋಟೋ, ಹೋಟೆಲ್ ಬುಕಿಂಗು ಬರುತ್ತೆ. ನೋಡಿರೋರು, ಓದಿರೋರು ಯಾರಾದ್ರೂ ಇದ್ರೆ ಹೇಳಿ.


ನಿವೃತ್ತ_ಭೂಗೋಳ_ಮೈಸೂರು

ಒಳ್ಳೇ ಪ್ರಶ್ನೆ. ಇದನ್ನ ಎಂ.ಎ. ಹುಡುಗರಿಗೆ ಪಾಠ ಮಾಡ್ತಿದ್ದೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಬೇಜಾರಾದ್ರೆ ಬಿಟ್ಟು ಮುಂದೆ ಹೋಗಿ.

ಟೋರ್ಬೆಲ್ ಇರೋದು ಸ್ವಿಟ್ಜರ್ಲೆಂಡ್‌ನ ದಕ್ಷಿಣಕ್ಕೆ ವಾಲೇ ಅನ್ನೋ ಕ್ಯಾಂಟನ್‌ನಲ್ಲಿ. ಕ್ಯಾಂಟನ್ ಅಂದ್ರೆ ನಮ್ಮ ರಾಜ್ಯ ಇದ್ದ ಹಾಗೆ. ರೋನ್ ನದಿ ಪಶ್ಚಿಮಕ್ಕೆ ಹರಿಯುತ್ತೆ, ಫಿಸ್ಪ್ ಅನ್ನೋ ಪಟ್ಟಣದ ಹತ್ರ ದಕ್ಷಿಣದಿಂದ ಒಂದು ಹೊಳೆ ಬಂದು ಅದಕ್ಕೆ ಸೇರುತ್ತೆ. ಆ ಹೊಳೆ ಹಿಡಿದು ಮೇಲಕ್ಕೆ ಹೋದ್ರೆ ಶ್ಟಾಲ್ಡನ್ ಅಂತ ಊರು, ಅಲ್ಲಿ ಕಣಿವೆ ಎರಡಾಗುತ್ತೆ, ಒಂದು ಜರ್ಮಾಟ್ ಕಡೆಗೆ ಇನ್ನೊಂದು ಸಾಸ್ ಕಡೆಗೆ. ಶ್ಟಾಲ್ಡನ್ ತಲೆ ಮೇಲೆ ಪಶ್ಚಿಮದ ಇಳಿಜಾರಿನಲ್ಲಿ ಸುಮಾರು 1,500 ಮೀಟರ್ ಎತ್ತರದಲ್ಲಿ ಟೋರ್ಬೆಲ್ ಕೂತಿದೆ. ನಮ್ಮ ಚಾಮುಂಡಿ ಬೆಟ್ಟದ ತುದಿ ಸುಮಾರು 1,060 ಮೀಟರ್, ಅದರ ಮೇಲೆ ಇನ್ನೂ 400 ಮೀಟರ್ ಹತ್ತಿದ್ರೆ ಆ ಊರಿನ ಎತ್ತರ. ಜನ 500ರ ಆಸುಪಾಸು.

ಈಗ ಮಳೆ ವಿಷಯ, ಇಲ್ಲೇ ಎಲ್ರೂ ತಪ್ಪು ತಿಳ್ಕೊಳ್ಳೋದು. ಆಲ್ಪ್ಸ್ ಅಂದ ತಕ್ಷಣ ಹಸಿರು, ಯಾವಾಗ್ಲೂ ನೀರು ಅಂತ ತಲೇಲಿ ಕೂತಿದೆ. ಆದ್ರೆ ಫಿಸ್ಪ್-ಶ್ಟಾಲ್ಡನ್ ಭಾಗ ಇಡೀ ಸ್ವಿಟ್ಜರ್ಲೆಂಡ್‌ನಲ್ಲೇ ಅತಿ ಕಮ್ಮಿ ಮಳೆ ಬೀಳೋ ಜಾಗಗಳಲ್ಲಿ ಒಂದು, ಕಣಿವೇಲಿ ವರ್ಷಕ್ಕೆ 500-600 ಮಿಲಿಮೀಟರ್ ಅಷ್ಟೇ. ಮಂಡ್ಯ ಜಿಲ್ಲೆಗೆ ಸರಾಸರಿ ಸುಮಾರು 700 ಬೀಳುತ್ತೆ, ಅಂದ್ರೆ ನಿಮಗಿಂತ ಅವರೇ ಬರದೋರು. ಕಾರಣಾನೂ ನಮ್ದೇ. ಮಡಿಕೇರೀಲಿ ಸುರಿದು ಮೋಡ ಈಚೆ ಬರೋ ಹೊತ್ತಿಗೆ ಖಾಲಿ ಆಗುತ್ತಲ್ಲ, ಹಂಗೇ ಅಲ್ಲಿ ಉತ್ತರದಿಂದ ಬರೋ ಮೋಡಾನ ಬರ್ನ್ ಆಲ್ಪ್ಸ್ ತಡೆಯುತ್ತೆ, ದಕ್ಷಿಣದಿಂದ ಬರೋದನ್ನ 4,000 ಮೀಟರ್ ದಾಟಿದ ಮೋಂಟೆ ರೋಸಾ, ಮ್ಯಾಟರ್‌ಹಾರ್ನ್ ಸಾಲು ತಡೆಯುತ್ತೆ. ನಮಗೆ ಒಂದೇ ಕಡೆ ಘಟ್ಟ, ಅವರಿಗೆ ಎರಡೂ ಕಡೆ.

ಅದಕ್ಕೇ ಅಲ್ಲಿ ಕಾಲುವೆ ಬೇಕಾಯ್ತು. ಮೇಲೆ ಹಿಮ ಕರಗಿದ ನೀರಿದೆ, ಕೆಳಗೆ ಬಿಸಿಲಿಗೆ ಒಣಗೋ ಹುಲ್ಲುಗದ್ದೆ ಇದೆ, ಮಧ್ಯೆ ಬಂಡೆ. ಆ ಬಂಡೆಗೆ ಮರದ ದೋಣಿ, ಅಂದ್ರೆ ಮರದ ಕಾಲುವೆ, ನೇತುಹಾಕಿ ಕಿಲೋಮೀಟರ್‌ಗಟ್ಟಲೆ ನೀರು ತಂದ್ರು. ಆ ಕಾಲುವೆಗಳಿಗೆ ಜರ್ಮನ್ ಆಡೋ ಕಡೆ ಸುಓನೆ ಅಂತಾರೆ, ಫ್ರೆಂಚ್ ಕಡೆ ಬೀಸ್. ಈ ಥರ ಹಳೇ ನೀರಾವರಿ ಪದ್ಧತಿಯನ್ನ 2023ರಲ್ಲಿ ಯುನೆಸ್ಕೋದೋರು ಪರಂಪರೆ ಪಟ್ಟಿಗೆ ಸೇರಿಸಿದ್ರು, ಸ್ವಿಟ್ಜರ್ಲೆಂಡ್ ಜೊತೆ ಇನ್ನೂ ಕೆಲವು ಯುರೋಪಿಯನ್ ದೇಶಗಳು ಸೇರಿ ಅರ್ಜಿ ಹಾಕಿದ್ವು.

ನೊಬೆಲ್ ಬಂದ ಮೇಡಂ ಎಲಿನೋರ್ ಆಸ್ಟ್ರಮ್, 2009ರಲ್ಲಿ, ಅರ್ಥಶಾಸ್ತ್ರದಲ್ಲಿ ಅದನ್ನ ಪಡೆದ ಮೊದಲ ಹೆಂಗಸು. ಆದ್ರೆ ಊರಲ್ಲಿ ಇದ್ದು ದಾಖಲೆ ಕೆದಕಿದ್ದು ರಾಬರ್ಟ್ ನೆಟ್ಟಿಂಗ್ ಅನ್ನೋ ಮಾನವಶಾಸ್ತ್ರಜ್ಞ, 1970ರ ದಶಕದಲ್ಲಿ. ಆತ ಅದಕ್ಕೂ ಮುಂಚೆ ನೈಜೀರಿಯಾದಲ್ಲಿ ರೈತರ ಮಧ್ಯೆ ಕೆಲಸ ಮಾಡಿ ಬಂದೋನು, ಹಂಗಾಗಿ ಗೊಬ್ಬರ, ಹುಲ್ಲು, ತುಂಡುಭೂಮಿ ಇವೆಲ್ಲಾ ಕಣ್ಣಿಗೆ ಬೀಳ್ತಿದ್ವು. ಆಸ್ಟ್ರಮ್ ಆತನ ಕೆಲಸಾನ ಬಳಸ್ಕೊಂಡ್ರು.

ನಿಯಮದ ಕಥೆ ಮುಂದಿನ ಪೋಸ್ಟ್‌ನಲ್ಲಿ ಹಾಕ್ತೀನಿ, ಮೊಬೈಲ್‌ನಲ್ಲಿ ಟೈಪ್ ಮಾಡಿ ಬೆರಳು ನೋಯ್ತಿದೆ.


ಬನ್ನೂರ್_ಹುಡ್ಗ

ಗುರು ಇದೇನಾ ಆ ಊರು, ಬಂದು ಮನೆ ಮಾಡ್ಕೊಂಡ್ರೆ 25 ಸಾವಿರ ಫ್ರಾಂಕ್ ಕೊಡ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ? ಅರ್ಜಿ ಎಲ್ಲಿ ಹಾಕೋದು 😄 ನಮ್ಮ ಚಿಕ್ಕಪ್ಪನ ಮಗ ಆಗ್ಲೇ ಪಾಸ್‌ಪೋರ್ಟ್ ಮಾಡಿಸ್ತಿದಾನೆ


ಫಿಸ್ಪ್‌ನಿಂದ_ವಾಪಸ್

ಬನ್ನೂರ್ ತಮ್ಮಾ, ಅದು ಟೋರ್ಬೆಲ್ ಅಲ್ಲ, ಆಲ್ಬಿನೆನ್. ಅದೇ ಕ್ಯಾಂಟನ್‌ದೇ ಆದ್ರೆ ಬೇರೆ ಕಣಿವೆ. 2017ರಲ್ಲಿ ಊರ ಸಭೇಲಿ ವೋಟ್ ಹಾಕಿ ನಿರ್ಧಾರ ಮಾಡಿದ್ದು. ದೊಡ್ಡೋರಿಗೆ ತಲಾ 25,000 ಫ್ರಾಂಕ್, ಮಕ್ಕಳಿಗೆ 10,000, ಇದು ನಿಜ. ಫಾರ್ವರ್ಡ್‌ನಲ್ಲಿ ಬಿಟ್ಟುಬಿಟ್ಟಿರೋದು ಏನಂದ್ರೆ ವಯಸ್ಸು 45ಕ್ಕಿಂತ ಕಮ್ಮಿ ಇರ್ಬೇಕು, ಕಮ್ಮಿ ಅಂದ್ರೂ 2 ಲಕ್ಷ ಫ್ರಾಂಕ್ ಹಾಕಿ ಮನೆ ಕಟ್ಟಬೇಕು ಇಲ್ಲ ತಗೋಬೇಕು, 10 ವರ್ಷ ಅಲ್ಲೇ ಇರ್ಬೇಕು ಇಲ್ಲಾಂದ್ರೆ ದುಡ್ಡು ವಾಪಸ್, ಎಲ್ಲಕ್ಕಿಂತ ಮುಖ್ಯವಾಗಿ ಸ್ವಿಸ್ ಪ್ರಜೆ ಆಗಿರ್ಬೇಕು ಅಥವಾ ಅಲ್ಲಿನ ಕಾಯಂ ಪರ್ಮಿಟ್ ಇರ್ಬೇಕು. ನಿಮ್ಮ ಅಣ್ಣನಿಗೆ ಪಾಸ್‌ಪೋರ್ಟ್ ಬೇರೆ ಏನಕ್ಕಾದ್ರೂ ಉಪಯೋಗಕ್ಕೆ ಬರುತ್ತೆ ಬಿಡಿ.

ನಾನು ಫಿಸ್ಪ್‌ನಲ್ಲಿ ಕೆಲಸದ ಮೇಲೆ ಇದ್ದೆ, ಈಗ ಮೈಸೂರು ವಿಜಯನಗರದಲ್ಲಿದೀನಿ. ಫಿಸ್ಪ್ ಅಂದ್ರೆ ಹಳ್ಳಿ ಅಲ್ಲ, ಲೋನ್ಜಾ ಅನ್ನೋ ದೊಡ್ಡ ಕೆಮಿಕಲ್-ಔಷಧಿ ಕಾರ್ಖಾನೆ ಇರೋ ಊರು, ಕೋವಿಡ್ ಟೈಮಲ್ಲಿ ಮಾಡರ್ನಾ ಲಸಿಕೆಯ ಮುಖ್ಯ ಪದಾರ್ಥ ಅಲ್ಲೂ ತಯಾರಾಗಿತ್ತು. ಸುತ್ತಮುತ್ತ ಬೆಟ್ಟದ ಹಳ್ಳಿಯೋರು ತುಂಬಾ ಜನ ಅಲ್ಲಿ ಶಿಫ್ಟ್ ಕೆಲಸ ಮಾಡಿ ಸಂಜೆ ಹೋಗಿ ಹುಲ್ಲು ಕೊಯ್ತಾರೆ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ ಯಾಕಂದ್ರೆ ತರಬೇತೀಲಿ ಹೇಳೋರು ಟೋರ್ಬೆಲ್‌ನೋರು ಇನ್ನೂ ಐನೂರು ವರ್ಷದ ಹಿಂದಿನ ಕಾಲದಲ್ಲೇ ಬದುಕ್ತಿದಾರೆ ಅನ್ನೋ ಥರ ಹೇಳ್ತಾರೆ. ಈಗ ಬರೀ ದನ ನಂಬ್ಕೊಂಡು ಇರೋ ಮನೆ ಅಲ್ಲಿ ಸಿಗೋದು ಕಷ್ಟ.

ಊರು ಹೆಂಗಿದೆ ಅಂದ್ರೆ, ಶ್ಟಾಲ್ಡನ್ ಸ್ಟೇಷನ್‌ನಿಂದ ಹಳದಿ ಪೋಸ್ಟ್ ಬಸ್ಸು ಹತ್ತುತ್ತೆ, ತಿರುವು ಮೇಲೆ ತಿರುವು. ಮನೆಗಳೆಲ್ಲಾ ಒತ್ತೊತ್ತಿಗೆ, ಕೆಳಗೆ ಕಲ್ಲು ಮೇಲೆ ಲಾರ್ಚ್ ಮರ, ಬಿಸಿಲಿಗೆ ಸುಟ್ಟು ಕಪ್ಪಾಗಿರೋ ಮರ. ಹುಲ್ಲು ಬೆಳೆಯೋ ಜಾಗ ಮನೆ ಕಟ್ಟಿ ಹಾಳು ಮಾಡಬಾರ್ದು ಅಂತ ಹಂಗೆ ಒತ್ತಿ ಕಟ್ಟಿರೋದು. ಒಂದೇ ಮನೇಲಿ ಮಹಡಿ ಒಬ್ಬೊಬ್ಬರದ್ದು, ದನದ ಕೊಟ್ಟಿಗೇಲಿ ಕಾಲು ಭಾಗ ನಂದು ಕಾಲು ಭಾಗ ನಮ್ಮ ಅತ್ತೆ ಮಗಳದ್ದು ಅನ್ನೋ ಲೆಕ್ಕ, ಯಾಕಂದ್ರೆ ಅಲ್ಲಿ ಆಸ್ತಿ ಗಂಡು-ಹೆಣ್ಣು ಎಲ್ಲಾ ಮಕ್ಕಳಿಗೂ ಸಮ. ಕಣಜಗಳು ಮಾತ್ರ ನೋಡ್ಬೇಕು. ನಾಲ್ಕು ಮರದ ಕಾಲು, ಪ್ರತಿ ಕಾಲಿನ ಮೇಲೆ ಒಂದು ಅಗಲವಾದ ಚಪ್ಪಟೆ ಕಲ್ಲು, ಅದರ ಮೇಲೆ ಕಣಜ. ಇಲಿ ಕಾಲು ಹತ್ತಿ ಬಂದ್ರೆ ಕಲ್ಲಿನ ಅಡಿ ತಲೆಕೆಳಗಾಗಿ ನಡೀಬೇಕು, ಬಿದ್ದುಹೋಗುತ್ತೆ. ಸಿಮೆಂಟ್ ಇಲ್ಲ ಮೊಳೆ ಇಲ್ಲ ಔಷಧಿ ಇಲ್ಲ.

ಅದರೊಳಗೆ ಇಡ್ತಿದ್ದಿದ್ದು ರೈ ಅನ್ನೋ ಧಾನ್ಯ. ಊರಿಗೆಲ್ಲಾ ಸೇರಿ ಒಂದು ರೊಟ್ಟಿ ಸುಡೋ ಮನೆ, ವರ್ಷಕ್ಕೆ ಕೆಲವೇ ಸಲ ಒಲೆ ಹಚ್ಚಿ ಸರದಿ ಪ್ರಕಾರ ಎಲ್ರೂ ಸುಟ್ಕೊಂಡು ತಿಂಗಳುಗಟ್ಟಲೆ ಇಟ್ಕೊಳ್ಳೋರು. ಆ ರೊಟ್ಟಿ ಕೊಯ್ಯೋಕೆ ಬೇರೇನೇ ಚಾಕು, ಹಲಗೆಗೆ ಒಂದು ತುದಿ ಕೀಲು ಹಾಕಿ ಇನ್ನೊಂದು ತುದಿ ಹಿಡಿದು ಒತ್ತೋದು, ಕಲ್ಲಾಗಿರುತ್ತಲ್ಲ. ಈಗ ಆ ರೈ ರೊಟ್ಟಿ ಸೂಪರ್‌ಮಾರ್ಕೆಟ್‌ನಲ್ಲಿ ಪ್ರದೇಶದ ಹೆಸರಿನ ಮುದ್ರೆ ಜೊತೆ ಸಿಗುತ್ತೆ, ಮೈಸೂರು ವೀಳ್ಯದೆಲೆಗೆ ಜಿಐ ಇದೆಯಲ್ಲ ಆ ಥರ. ಚೀಸ್ ಜೊತೆ ಚೆನ್ನಾಗಿರುತ್ತೆ, ಬರೀ ತಿನ್ನೋಕೆ ನಂಗೆ ಆಗ್ಲಿಲ್ಲ.


ನಿವೃತ್ತ_ಭೂಗೋಳ_ಮೈಸೂರು

ಸರಿ, ನಿಯಮ. 1483ನೇ ಇಸವಿ ಫೆಬ್ರವರಿ 1ರಂದು ಟೋರ್ಬೆಲ್ ಜನ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ರು: ಬೆಟ್ಟದ ಮೇಲಿನ ಬೇಸಿಗೆ ಹುಲ್ಲುಗಾವಲು, ಕಾಡು, ಪಾಳು ಭೂಮಿ ಇವನ್ನ ಒಂದು ಸಂಘ ಮಾಡ್ಕೊಂಡು ನಡೆಸೋದು ಅಂತ. ಹೊಲ, ಹುಲ್ಲುಗದ್ದೆ, ತೋಟ, ಕೆಳಗಿನ ದ್ರಾಕ್ಷಿ ಇವೆಲ್ಲಾ ಆಗ್ಲೂ ಖಾಸಗೀನೇ, ಅದನ್ನ ಮರೀಬೇಡಿ, ಎಲ್ಲಾ ಸಾಮೂಹಿಕ ಅಲ್ಲ. ಹೊರಗಿನೋನು ಬಂದು ಊರಲ್ಲಿ ಜಮೀನು ಕೊಂಡ್ರೂ ಸಾಮೂಹಿಕ ಹುಲ್ಲುಗಾವಲಿನ ಹಕ್ಕು ಅವನಿಗೆ ಬರಲ್ಲ, ಮರ ಕಡಿಯೋ ಹಕ್ಕೂ ಇಲ್ಲ ಅಂತ ಅದರಲ್ಲೇ ಬರೆದ್ರು.

ಇನ್ನೊಂದು ನಿಯಮ 1517ರದ್ದು, ನನಗೆ ಇದೇ ಜೀವಾಳ ಅನ್ಸುತ್ತೆ. ಚಳಿಗಾಲದಲ್ಲಿ ನಿನ್ನ ಕೊಟ್ಟಿಗೇಲಿ ಎಷ್ಟು ಹಸು ಸಾಕೋಕಾಗುತ್ತೋ ಅಷ್ಟೇ ಹಸು ಬೇಸಿಗೇಲಿ ಮೇಲಕ್ಕೆ ಮೇಯೋಕೆ ಕಳಿಸಬಹುದು. ಯೋಚನೆ ಮಾಡಿ. ಅರ್ಧ ವರ್ಷ ಹಿಮ. ಚಳಿಗಾಲಕ್ಕೆ ಹುಲ್ಲು ನಿನ್ನ ಸ್ವಂತ ಗದ್ದೇಲೇ ಕೊಯ್ದು ಒಣಗಿಸಿ ಇಟ್ಕೋಬೇಕು. ಆ ಗದ್ದೆ ಎಷ್ಟಿದೆ ಅಂತ ಊರಿಗೆಲ್ಲಾ ಗೊತ್ತು, ಅಟ್ಟದ ಮೇಲೆ ಎಷ್ಟು ಹುಲ್ಲಿದೆ ಅಂತ ಪಕ್ಕದ ಮನೆಯೋನಿಗೆ ಗೊತ್ತು. ಬೇಸಿಗೇಲಿ ಸಂತೇಲಿ ಹತ್ತು ಹಸು ಕೊಂಡು ಪುಕ್ಕಟೆ ಮೇಯಿಸಿ ಮಾರೋ ದಾರಿ ಮುಚ್ಚಿಹೋಯ್ತು. ಸರ್ವೇಯರ್ ಬೇಡ, ಅರ್ಜಿ ಬೇಡ. ಗ್ಯಾರೆಟ್ ಹಾರ್ಡಿನ್ ಅನ್ನೋ ವಿಜ್ಞಾನಿ 1968ರಲ್ಲಿ ಎಲ್ರಿಗೂ ಸೇರಿದ ಹುಲ್ಲುಗಾವಲು ಹಾಳಾಗೇ ಆಗುತ್ತೆ, ಒಬ್ಬೊಬ್ಬನೂ ಒಂದೊಂದು ದನ ಜಾಸ್ತಿ ಬಿಡ್ತಾನೆ ಅಂತ ವಾದ ಮಾಡಿದ್ದ. ಟೋರ್ಬೆಲ್‌ನೋರು ಆ ಒಂದು ಜಾಸ್ತಿ ದನಾನ ಆತ ಬರೆಯೋಕೆ 450 ವರ್ಷ ಮುಂಚೆನೇ ತಡೆದಿದ್ರು.

ಮೀರಿದೋರಿಗೆ ದಂಡ ಇತ್ತು, ದೊಡ್ಡ ದಂಡಾನೇ. ದಂಡ ಹಾಕೋ ಅಧಿಕಾರಿ ಊರೋನೇ, ವಸೂಲಾದದ್ರಲ್ಲಿ ಅರ್ಧ ಅವನಿಗೆ. ವರ್ಷಕ್ಕೊಂದು ಸಲ ದನ ಇರೋರೆಲ್ಲಾ ಸಭೆ ಸೇರಿ ಅಧಿಕಾರಿಗಳನ್ನ ಆರಿಸೋರು. ಮೇಲಿನ ದಾರಿ, ಕೊಟ್ಟಿಗೆ, ಹಿಮಕುಸಿತದಲ್ಲಿ ಮುರಿದ ಬೇಲಿ ರಿಪೇರಿಗೆ ಎಷ್ಟು ಹಸು ಕಳಿಸ್ತೀಯೋ ಅಷ್ಟು ಆಳು ಕೆಲಸ ಕೊಡಬೇಕು. ಸೌದೆ ಹಂಚೋದು ಇನ್ನೂ ಚೆನ್ನಾಗಿದೆ. ಯಾವ ಮರ ಕಡೀಬಹುದು ಅಂತ ಗುರುತು ಹಾಕ್ತಾರೆ, ಮನೆಗಳೋರು ತಂಡ ಮಾಡ್ಕೊಂಡು ಕಡಿದು ಎಳೆದು ಸಮ ಸಮ ರಾಶಿ ಹಾಕ್ತಾರೆ, ಆಮೇಲೆ ಚೀಟಿ ಎತ್ತಿ ಯಾವ ರಾಶಿ ಯಾರಿಗೆ ಅಂತ ನಿರ್ಧಾರ. ಯಾವ ರಾಶಿ ತನಗೆ ಬರುತ್ತೋ ಗೊತ್ತಿಲ್ಲ, ಹಂಗಾಗಿ ಎಲ್ಲಾ ರಾಶೀನೂ ನೆಟ್ಟಗೆ ಹಾಕ್ತಾರೆ.


ಮಳವಳ್ಳಿ_ಟೀಚರ್

ಸಾರ್, ಎಲ್ಲಾ ಚೆನ್ನಾಗಿ ಹೇಳಿದ್ರಿ, ಆದ್ರೆ "ಹೊರಗಿನೋರಿಗೆ ಹಕ್ಕಿಲ್ಲ" ಅನ್ನೋ ಒಂದು ಸಾಲಿನ ಮೇಲೆ ಬೇಗ ಹಾರಿಬಿಟ್ರಿ. ಇಡೀ ಏರ್ಪಾಡು ನಿಂತಿರೋದೇ ಆ ಸಾಲಿನ ಮೇಲೆ ಅಲ್ವಾ. ನಮ್ಮೂರಲ್ಲಿ ಊರೋರು ಯಾರು ಹೊರಗಿನೋರು ಯಾರು ಅಂತ ಐನೂರು ವರ್ಷದ ಹಿಂದೆ ಬರೆದಿದ್ರೆ ಕೇರಿಯೋರ ಹೆಸರು ಅದರಲ್ಲಿ ಇರ್ತಿತ್ತಾ? ಕೆರೆ ನೀರು ಮುಟ್ಟೋಕೇ ಬಿಡದೇ ಇದ್ದ ಕಾಲ ನಮ್ಮಜ್ಜಿ ನೋಡಿದಾರೆ. "ಊರೋರೇ ನಡೆಸೋದು" ಅಂದಾಗೆಲ್ಲಾ ನನಗೆ ಮೊದ್ಲು ಬರೋ ಪ್ರಶ್ನೆ ಆ ಸಭೇಲಿ ಕೂತಿರೋರು ಯಾರು ಅಂತ.

ಹೆಂಗಸರ ವಿಷಯಕ್ಕೆ ಬಂದ್ರೆ ಇನ್ನೂ ಮಜಾ. ಸ್ವಿಟ್ಜರ್ಲೆಂಡ್‌ನಲ್ಲಿ ಹೆಂಗಸರಿಗೆ ದೇಶದ ಮಟ್ಟದಲ್ಲಿ ವೋಟು ಸಿಕ್ಕಿದ್ದು 1971ರಲ್ಲಿ! ನಮ್ಮಜ್ಜಿ 1952ರಲ್ಲೇ ವೋಟ್ ಹಾಕಿದ್ರು. ಆದ್ರೆ ಒಂದು ಒಳ್ಳೇದೂ ಹೇಳ್ತೀನಿ, ಟೋರ್ಬೆಲ್ ಬೆಟ್ಟದ ಆಚೆ ಕಡೆ ಉಂಟರ್‌ಬೇಖ್ ಅಂತ ಇನ್ನೊಂದು ಸಣ್ಣ ಹಳ್ಳಿ ಇದೆ, ಅಲ್ಲಿ 1957ರ ಮಾರ್ಚ್‌ನಲ್ಲಿ ಹೆಂಗಸರನ್ನೂ ನಾಗರಿಕ ರಕ್ಷಣಾ ಸೇವೆಗೆ ಕಡ್ಡಾಯ ಸೇರಿಸ್ಬೇಕಾ ಅನ್ನೋ ವಿಷಯಕ್ಕೆ ವೋಟಿಂಗ್ ಇತ್ತು. ನಮ್ಮ ಮೇಲೆ ಹೇರೋ ಕೆಲಸಕ್ಕೆ ನಮ್ಮನ್ನೇ ಕೇಳಲ್ವಾ ಅನ್ನೋ ವಾದ ಎದ್ದಿತ್ತು, ಊರಿನ ಪಂಚಾಯ್ತಿ ಧೈರ್ಯ ಮಾಡಿ ಹೆಂಗಸರಿಗೂ ವೋಟ್ ಹಾಕೋಕೆ ಬಿಟ್ಟಿತು. 86 ಜನ ಹೆಂಗಸರಲ್ಲಿ 33 ಜನ ಬಂದು ಹಾಕಿದ್ರು. ಬೇರೆ ಪೆಟ್ಟಿಗೆ ಇಟ್ಟಿದ್ರು, ಆ ವೋಟು ಲೆಕ್ಕಕ್ಕೆ ಬರ್ಲಿಲ್ಲ, ಆದ್ರೂ ಆ ದೇಶದಲ್ಲಿ ಹೆಂಗಸರು ಹಾಕಿದ ಮೊದಲ ವೋಟು ಅಂತ ಇವತ್ತೂ ನೆನೀತಾರೆ. ಮೊದಲು ಹಾಕಿದೋರು ಊರ ಅಧ್ಯಕ್ಷರ ಹೆಂಡ್ತಿ ಕತರೀನಾ ಜೆನ್‌ಹಾಯ್ಸರ್ನ್.

ಮೇಲೆ ಹೇಳಿದ ಆಲ್ಬಿನೆನ್ ನೋಡಿ, ಹೊರಗಿನೋರು ಬೇಡ ಅಂತಿದ್ದ ಬೆಟ್ಟದ ಮೇಲೆ ಈಗ ದುಡ್ಡು ಕೊಟ್ಟು ಕರೀಬೇಕಾಗಿದೆ.


ಕೊನೆಗದ್ದೆ_ಮದ್ದೂರು

ಟೀಚರ್ ಮೇಡಂ ಹೇಳಿದ್ದು ಸರಿ, ನಮ್ಮ ಸಂಘದ ಸಭೇಲೂ ಮುಂದೆ ಕುರ್ಚಿ ಹಾಕ್ಕೊಂಡು ಕೂರೋರು ಮೇಲ್ಗಡೆ ತೂಬಿನೋರೇ. ಆದ್ರೆ ನನ್ನ ಪ್ರಶ್ನೆ ನೀರಿಂದು, ದನದ್ದು ಸ್ವಲ್ಪ ಅರ್ಥ ಆಯ್ತು. ನೀರು ಯಾರು ಅಳೀತಿದ್ರು? ಹುಲ್ಲು ಅಟ್ಟದ ಮೇಲೆ ಕಾಣುತ್ತೆ, ನೀರು ರಾತ್ರಿ ಹೊತ್ತು ಯಾರ ಗದ್ದೆಗೆ ಹೋಯ್ತು ಅಂತ ಯಾರಿಗೆ ಕಾಣುತ್ತೆ?


ಫಿಸ್ಪ್‌ನಿಂದ_ವಾಪಸ್

ಅಣ್ಣ, ಅಳತೆ ಗಂಟೆ ಲೆಕ್ಕ. ಇಂಥವ್ನಿಗೆ ಇಂಥ ದಿನ ಇಷ್ಟು ಹೊತ್ತಿಂದ ಇಷ್ಟು ಹೊತ್ತಿನವರೆಗೆ ಪೂರ್ತಿ ಕಾಲುವೆ. ರಾತ್ರಿ ಪಾಳಿನೂ ಇತ್ತು. ಓದುಬರಹ ಎಲ್ರಿಗೂ ಬರ್ತಿರ್ಲಿಲ್ವಲ್ಲ, ಅದಕ್ಕೆ ಮರದ ಕಡ್ಡಿ. ಟೆಸ್ಸಲ್ ಅಂತಾರೆ, ಗೇಣುದ್ದ ಸಣ್ಣ ಮರದ ಪಟ್ಟಿ, ಅದರ ಮೇಲೆ ಮನೆತನದ ಗುರುತು ಕೆತ್ತಿರುತ್ತೆ, ಪಕ್ಕದಲ್ಲಿ ಪೂರ್ತಿ ಗೀರು, ಅರ್ಧ ಗೀರು, ಇಷ್ಟು ಗಂಟೆ ನೀರಿನ ಹಕ್ಕು ಅಂತ. ಮ್ಯೂಸಿಯಂನಲ್ಲಿ ಕೈಯಲ್ಲಿ ಹಿಡಿದು ನೋಡೋಕೆ ಒಂದು ಕೊಟ್ಟಿದ್ರು, ಅಂಚು ಸವೆದು ನುಣ್ಣಗಾಗಿತ್ತು, ಗೀರು ಮಾತ್ರ ಉಗುರಿಗೆ ಸಿಗ್ತಿತ್ತು. ಆ ಕಡ್ಡೀನೇ ಪಹಣಿ ಅಂದ್ಕೊಳ್ಳಿ.

ಮತ್ತೆ ನೀರು ಬರ್ತಿದ್ಯಾ ನಿಂತೋಯ್ತಾ ಅಂತ ತಿಳಿಯೋಕೆ ಒಂದು ಉಪಾಯ ಇತ್ತು, ಇದು ವಾಲೇ ಕಡೆ ತುಂಬಾ ಕಾಲುವೆಗಳಲ್ಲಿತ್ತು. ಕಾಲುವೇಲಿ ಒಂದು ಸಣ್ಣ ಮರದ ಚಕ್ರ, ಅದು ತಿರುಗಿದ್ರೆ ಒಂದು ಮರದ ಸುತ್ತಿಗೆ ಎತ್ತಿ ಹಲಗೆ ಮೇಲೆ ಬಡಿಯುತ್ತೆ. ಟಕ್, ಟಕ್, ಟಕ್. ಹಗಲೂ ರಾತ್ರಿ. ನೀರುಗಂಟಿ ತನ್ನ ಗುಡಿಸಲಲ್ಲಿ ಮಲಗಿರ್ತಾನೆ, ಶಬ್ದ ನಿಂತ್ರೆ ಎಚ್ಚರ. ಎಲ್ಲೋ ಕಾಲುವೆ ಒಡೆದಿದೆ, ಇಲ್ಲ ಕಲ್ಲು ಬಿದ್ದಿದೆ, ಇಲ್ಲ ಯಾರೋ ತಿರುಗಿಸ್ಕೊಂಡಿದಾರೆ. ಲಾಟೀನು ಹಿಡಿದು ಓಡಬೇಕು, ಬಂಡೆಗೆ ನೇತುಹಾಕಿರೋ ಹಲಗೆ ಮೇಲೆ. ಆ ಕೆಲಸದಲ್ಲಿ ಜಾರಿ ಸತ್ತೋರೂ ಇದಾರೆ.

ಪ್ರತಿ ವಸಂತಕ್ಕೆ ನೀರು ಬಿಡೋಕೆ ಮುಂಚೆ ಮನೆಗೊಬ್ಬರು ಬಂದು ಹೂಳು ತೆಗೀಬೇಕು, ಮುರಿದ ಹಲಗೆ ಬದಲಾಯಿಸ್ಬೇಕು. ಬರದಿದ್ರೆ ದುಡ್ಡು ಕಟ್ಟಬೇಕು. ಈಗ ಎಷ್ಟೋ ಕಡೆ ಪೈಪು, ಸ್ಪ್ರಿಂಕ್ಲರ್ ಬಂದಿದೆ, ಬಂಡೆ ಒಳಗೆ ಸುರಂಗ ಕೊರೆದು ಹಳೇ ಮರದ ದೋಣಿ ಬಿಟ್ಟುಬಿಟ್ಟಿದಾರೆ, ಕಾಲುವೆ ದಂಡೆ ಟ್ರೆಕಿಂಗ್ ದಾರಿ ಆಗಿದೆ. ಆದ್ರೆ ಊರಿನ ಮೂಲ ನಾಗರಿಕರ ಸಭೆ ಅಂತ ಬೇರೇನೇ ಒಂದು ಸಂಸ್ಥೆ ಇನ್ನೂ ಇದೆ, ಪಂಚಾಯ್ತಿ ಬೇರೆ ಅದು ಬೇರೆ. ವಾಲೇ ಕ್ಯಾಂಟನ್‌ನ ಕಾಡು, ಮೇಲಿನ ಹುಲ್ಲುಗಾವಲು ಬಹಳ ಮಟ್ಟಿಗೆ ಇಂಥ ಸಭೆಗಳ ಹೆಸರಲ್ಲೇ ಇದೆ. ಸ್ವಿಸ್ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದೂರು ಬರೆಯಲ್ಲ, ಮೂಲ ಊರು ಬರೀತಾರೆ. ಜ್ಯೂರಿಕ್‌ನಲ್ಲೇ ಹುಟ್ಟಿ ಬೆಳೆದೋನ ಪಾಸ್‌ಪೋರ್ಟ್‌ನಲ್ಲಿ ಅಜ್ಜನ ಅಜ್ಜನ ಹಳ್ಳಿ ಹೆಸರಿರುತ್ತೆ.

ಇನ್ನೊಂದು ಹೇಳ್ಲೇಬೇಕು. ಇದೆಲ್ಲಾ ಬರೀ ಊರೊಗ್ಗಟ್ಟಿನಿಂದ ಉಳಿದಿಲ್ಲ. ಕಡಿದಾದ ಗದ್ದೇಲಿ ಹುಲ್ಲು ಕೊಯ್ದ್ರೆ ಬರ್ನ್‌ನಲ್ಲಿರೋ ಕೇಂದ್ರ ಸರ್ಕಾರ ಜಾಸ್ತಿ ದುಡ್ಡು ಕೊಡುತ್ತೆ, ದನ ಬೇಸಿಗೇಲಿ ಮೇಲಕ್ಕೆ ಹೊಡೆದ್ರೆ ಅದಕ್ಕೆ ಬೇರೆ. ಆ ದುಡ್ಡು ನಿಂತ್ರೆ ಆ ಇಳಿಜಾರಲ್ಲಿ ಚಕ್ರಕ್ಕೆ ಮೊಳೆ ಹಾಕಿರೋ ಕೈ ಮಷೀನ್ ಹಿಡ್ಕೊಂಡು ಯಾರೂ ನಿಲ್ಲಲ್ಲ.


ಬನ್ನೂರ್_ಹುಡ್ಗ

ಸರಿ 25 ಸಾವಿರ ಬಿಟ್ಟೆ 😅 ಅಲ್ಲಿ ಕುರಿ ಇದ್ಯಾ? ನಮ್ಮ ಬಂಡೂರು ಕುರಿ ಥರ?


ಫಿಸ್ಪ್‌ನಿಂದ_ವಾಪಸ್

ಇದೆಯಪ್ಪಾ, ಅದೇ ಕಣಿವೆಗಳ ತಳಿ, ಕಪ್ಪುಮೂಗಿನ ಕುರಿ ಅಂತ. ಮೈಯೆಲ್ಲಾ ಬಿಳಿ ಗುಂಗುರು ಉಣ್ಣೆ, ಮುಖ ಮಾತ್ರ ಮಸಿ ಬಳಿದಂಗೆ, ಮೊಣಕಾಲಲ್ಲೂ ಕಪ್ಪು ಮಚ್ಚೆ, ಗಂಡಿಗೂ ಹೆಣ್ಣಿಗೂ ಸುರುಳಿ ಕೊಂಬು. ಬಂಡೂರು ಥರ ರುಚಿಗೆ ಹೆಸರಾಗಿದ್ದಲ್ಲ, ಅಂದಕ್ಕೆ. ಸ್ಪರ್ಧೆ ಇಡ್ತಾರೆ, ಮುದ್ದು ಅಂದ್ರೆ ಮುದ್ದು. ಹಸುಗಳಲ್ಲಿ ಎರಿಂಗರ್ ಅಂತ ಒಂದು ಕುಳ್ಳ ಗಟ್ಟಿ ತಳಿ ಇದೆ, ಹಸುಗಳೇ ತಲೆ ಕೊಟ್ಟು ಗುದ್ದಾಡಿ ಯಾರು ರಾಣಿ ಅಂತ ತೀರ್ಮಾನ ಮಾಡ್ಕೊತವೆ, ಗೆದ್ದ ಹಸು ಮಂದೆ ಮುಂದೆ ಹೋಗುತ್ತೆ. ವಸಂತದಲ್ಲಿ ಅದನ್ನ ನೋಡೋಕೆ ಸಾವಿರಾರು ಜನ ಸೇರ್ತಾರೆ, ಹಳ್ಳಿಕಾರ್ ಎತ್ತಿನ ಗಾಡಿ ಓಟಕ್ಕೆ ನಿಮ್ಮ ಕಡೆ ಸೇರ್ತಾರಲ್ಲ ಅಂಗೆ.


ಮಳವಳ್ಳಿ_ಟೀಚರ್

ಕುರಿ ಕಥೆ ಮುಗಿದ್ರೆ ನೀರಿಗೆ ಬರೋಣ 🙂 ಫಿಸ್ಪ್ ಸಾರ್, ಆ ಕಣಿವೇಲಿ ಹೈಡ್ರೋ ಕರೆಂಟ್ ಜಾಸ್ತಿ ಅಲ್ವಾ, ಊರಿಗೆ ಏನಾದ್ರೂ ಬರುತ್ತಾ? ಕೇಳ್ತಿರೋದು ಯಾಕಂದ್ರೆ ನಾನಿರೋದು ಶಿವನಸಮುದ್ರದ ತಾಲ್ಲೂಕು. 1902ರಲ್ಲೇ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು.


ಫಿಸ್ಪ್‌ನಿಂದ_ವಾಪಸ್

ಬರುತ್ತೆ ಮೇಡಂ, ಅದನ್ನ ನೀರಿನ ಬಾಡಿಗೆ ಅಂತ ಕರೀಬಹುದು. ನದಿ ನೀರು ಬಳಸಿ ಕರೆಂಟ್ ತೆಗೆಯೋ ಕಂಪನಿ, ನೀರು ಎಷ್ಟು ಎತ್ತರದಿಂದ ಎಷ್ಟು ಬೀಳುತ್ತೆ ಅನ್ನೋದರ ಮೇಲೆ, ಕಿಲೋವ್ಯಾಟ್‌ಗೆ ವರ್ಷಕ್ಕೆ ಗರಿಷ್ಠ 110 ಫ್ರಾಂಕ್ ಕಟ್ಟಬೇಕು. ವಾಲೇಲಿ ರೋನ್ ನದಿ ಕ್ಯಾಂಟನ್‌ದು, ಪಕ್ಕದ ಹೊಳೆಗಳು ಊರುಗಳದ್ದು. ಜರ್ಮಾಟ್ ಕಡೆ ಹಿಮನದಿಗಳ ನೀರನ್ನ ಸುರಂಗದಲ್ಲಿ ಎಳೆದು 285 ಮೀಟರ್ ಎತ್ತರದ ಗ್ರಾಂಡ್ ಡಿಕ್ಸಾನ್ಸ್ ಅಣೆಕಟ್ಟಿಗೆ ತುಂಬಿಸ್ತಾರೆ, ಆ ಹೊಳೆಗಳ ಊರುಗಳಿಗೆ ಪಾಲು ಹೋಗುತ್ತೆ. ಕೆಲವು ಪುಟ್ಟ ಹಳ್ಳಿಗಳ ಬಜೆಟ್ಟೇ ಅದರ ಮೇಲೆ ನಿಂತಿದೆ.

ಹಾಗಂತ ಬೆಟ್ಟದ ಬದುಕು ಸುಖ ಅಂತ ಅಲ್ಲ. 2025ರ ಮೇ 28ರಂದು ಅದೇ ಕ್ಯಾಂಟನ್‌ನ ಬ್ಲಾಟೆನ್ ಅನ್ನೋ ಹಳ್ಳಿ ಮೇಲೆ ಹಿಮನದಿ ಕುಸಿದು ಊರಿನ ಬಹುಪಾಲು ಮಣ್ಣಾಗೋಯ್ತು. ಬಂಡೆ ಜರುಗ್ತಿರೋದು ಗೊತ್ತಾಗಿ ಸುಮಾರು 300 ಜನಾನ ಒಂದು ವಾರದ ಮುಂಚೆನೇ ಕೆಳಗಿಳಿಸಿದ್ರು, ದನಗಳನ್ನೂ ಸಾಗಿಸಿದ್ರು, ಅದಕ್ಕೇ ಸತ್ತಿದ್ದು ಒಬ್ಬರು ಮಾತ್ರ. 1965ರಲ್ಲಿ ಸಾಸ್ ಕಣಿವೇಲಿ ಮಾಟ್‌ಮಾರ್ಕ್ ಅಣೆಕಟ್ಟು ಕಟ್ಟುವಾಗ ಇಂಥದ್ದೇ ಆಗಿ 88 ಕೆಲಸಗಾರರು ಹೋದ್ರು.


ನಿವೃತ್ತ_ಭೂಗೋಳ_ಮೈಸೂರು

ಮದ್ದೂರಿನೋರಿಗೆ ಒಂದು ಮಾತು. ಟೋರ್ಬೆಲ್ ನಿಯಮಾನ ಎತ್ತಿ ಮದ್ದೂರಲ್ಲಿ ನೆಡೋಕಾಗಲ್ಲ. ಅಲ್ಲಿ ಕಾಲುವೆ ಕಟ್ಟಿದೋರೂ ಊರೋರೇ, ತಲೆಯಿಂದ ಬಾಲದವರೆಗೆ ಬಳಸೋರೂ ಅದೇ ಊರೋರು. ಮೇಲಿನ ಗದ್ದೆಯೋನಿಗೆ ಕೆಳಗೂ ಒಂದು ತುಂಡು ಇರುತ್ತೆ, ಯಾಕಂದ್ರೆ ಆಸ್ತಿ ಸಮ ಪಾಲಾಗಿ ಆಗಿ ಎಲ್ರದ್ದೂ ಎಲ್ಲಾ ಕಡೆ ಚೂರು ಚೂರು ಇದೆ. ನಾವು ತುಂಡುಭೂಮಿ ಅಂದ್ರೆ ಶಾಪ ಅಂತೀವಿ, ಅಲ್ಲಿ ಮೇಲಿನೋನು ನೀರು ಕದ್ರೆ ತನ್ನ ಕೆಳಗಿನ ತುಂಡಿಗೇ ನೀರಿಲ್ಲ. ನಿಮ್ಮಲ್ಲಿ ಕೊನೇ ತೂಬಿನೋರದ್ದು ತಲೆ ಕಡೆ ಒಂದು ಗುಂಟೆನೂ ಇಲ್ಲ, ಮೇಲಿನೋರಿಗೆ ನಿಮ್ಮ ಕಡೆ ಒಂದು ಗುಂಟೆನೂ ಇಲ್ಲ. ನಾಲೆ ಬೇರೆ ಸರ್ಕಾರದ್ದು, ಅಣೆಕಟ್ಟಿನ ನೀರು ಎಷ್ಟು ಬಿಡ್ಬೇಕು ಅನ್ನೋದು ಎರಡು ರಾಜ್ಯದ ಜಗಳ. ನಿಮ್ಮ ಕೈಯಲ್ಲಿರೋದು ಒಂದು ಹಂಚಿಕೆ ನಾಲೆ, ಒಂದು ಪಾಳಿ, ಅಷ್ಟೇ.


ಕೊನೆಗದ್ದೆ_ಮದ್ದೂರು

ಅಷ್ಟೇ ಸಾಕು ಸಾರ್. ತುಂಡುಭೂಮಿ ಮಾತು ನಮ್ಮ ತರಬೇತೀಲಿ ಯಾರೂ ಹೇಳ್ಲಿಲ್ಲ, ಇದೇ ನಿಜವಾದ ಕಾರಣ ಅನ್ಸುತ್ತೆ.

ದಂಡದಲ್ಲಿ ಅರ್ಧ ಅಧಿಕಾರಿಗೆ ಅಂದ್ರಲ್ಲ, ಅದನ್ನ ಮನೇಲಿ ಹೇಳ್ದೆ, ನಮ್ಮಣ್ಣ ಬಿದ್ದು ಬಿದ್ದು ನಕ್ಕ. ನಮ್ಮ ಕಡೆ ಹಂಗೆ ಮಾಡಿದ್ರೆ ನೀರುಗಂಟೀನೇ ರಾತ್ರಿ ತೂಬು ತೆಗೆಸಿ ಬೆಳಿಗ್ಗೆ ದಂಡ ಹಾಕ್ತಾನೆ ಅಂದ. ಅದು ಬೇಡ. ಆದ್ರೆ ಗಂಟೆ ಲೆಕ್ಕ ಮಾಡ್ಬಹುದು. ಈಗ ನಮ್ಮಲ್ಲಿ ಪಾಳಿ ಅಂದ್ರೆ "ಮಂಗಳವಾರ ನಿಮ್ಕಡೆ" ಅಂತ ಬಾಯ್ಮಾತು, ಮಂಗಳವಾರ ಎಷ್ಟೊತ್ತಿಗೆ ಶುರು ಎಷ್ಟೊತ್ತಿಗೆ ಮುಗೀತು ಅಂತ ಯಾರಿಗೂ ಗೊತ್ತಿಲ್ಲ. ಪ್ರತಿ ತೂಬಿನ ಪಕ್ಕ ಕಲ್ಲಿನ ಮೇಲೆ ಬಣ್ಣದಲ್ಲಿ ಸರ್ವೆ ನಂಬರು, ದಿನ, ಗಂಟೆ ಬರೆಸೋಣ ಅಂತ ಈ ಸಲ ಸಭೇಲಿ ಎತ್ತುತೀನಿ. ಹೂಳು ತೆಗೆಯೋಕೆ ಎಕರೆ ಲೆಕ್ಕದಲ್ಲಿ ಆಳು ಕೊಡೋದನ್ನೂ ಕೇಳ್ತೀನಿ, ಈಗ ಎರಡೆಕರೆಯೋನೂ ಒಂದಾಳು ಹತ್ತೆಕರೆಯೋನೂ ಒಂದಾಳು. ಮೇಲ್ಗಡೆಯೋರು ಒಪ್ತಾರೆ ಅಂತ ನಂಬಿಕೆ ಇಲ್ಲ, ಆದ್ರೆ ಬಣ್ಣಕ್ಕೆ ಒಪ್ಪಬಹುದು, ಬಣ್ಣಕ್ಕೆ ಖರ್ಚಿಲ್ಲ.


ಮಳವಳ್ಳಿ_ಟೀಚರ್

ಕಲ್ಲಿನ ಮೇಲೆ ಸರ್ವೆ ನಂಬರ್ ಜೊತೆ ಖಾತೇದಾರರ ಹೆಸರೂ ಬರೆಸಿ. ಹೆಂಗಸರ ಹೆಸರಲ್ಲಿ ಎಷ್ಟು ಗದ್ದೆ ಇದೆ, ಅದರಲ್ಲಿ ಎಷ್ಟು ಜನ ನಿಮ್ಮ ಸಭೆಗೆ ಬರ್ತಾರೆ ಅಂತ ಎಣಿಸಿ ಇಲ್ಲೇ ಹಾಕಿ, ಕಾಯ್ತಿರ್ತೀನಿ.


ಕೊನೆಗದ್ದೆ_ಮದ್ದೂರು

ಖಾತೆ ನಮ್ಮವ್ವನ ಹೆಸರಲ್ಲೇ ಇದೆ ಮೇಡಂ, ಸಭೆಗೆ ಹೋಗೋನು ಮಾತ್ರ ನಾನು. ಈ ಸಲ ಕರ್ಕೊಂಡು ಹೋಗ್ತೀನಿ, ಆದ್ರೆ ಅವ್ವ ಬಾಯಿ ಬಿಟ್ರೆ ಮೇಲ್ಗಡೆಯೋರ ಕಥೆ ಮುಗೀತು ಅಂತ ಈಗ್ಲೇ ಹೇಳಿರ್ತೀನಿ.